ಕತ್ತಲಲ್ಲಿ ಮನೆಗೆ ಮರಳುವ ಸೈಕಲ್: ದೀಪ, ಮಡ್‌ಗಾರ್ಡ್, ಕ್ಯಾರಿಯರ್ ಕೂರಿಸುವ ಬಗೆ

ನವೆಂಬರ್ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲಿ ಆರು ಗಂಟೆಯೊಳಗೇ ಸೂರ್ಯ ಮುಳುಗಿರುತ್ತಾನೆ. ಆರೂವರೆಗೆ ಕೆಲಸ ಬಿಡುವವರು ಮನೆ ಮುಟ್ಟುವವರೆಗೂ ಕತ್ತಲಲ್ಲೇ ತುಳಿಯಬೇಕು. ಜೂನ್ ಕೊನೆಗೆ ಹೆಚ್ಚುಕಡಿಮೆ ಒಂದು ಗಂಟೆ ಜಾಸ್ತಿ ಬೆಳಕಿರುತ್ತದೆ, ನಿಜ. ಆದರೆ ಆಗ ಮೋಡ ಕವಿದು ಐದೂವರೆಗೇ ಮಬ್ಬು, ಮೇಲೆ ಮಳೆ. ಅಂಗಡಿಯಿಂದ ಬಂದ ಹೊಸ ಸೈಕಲ್‌ನಲ್ಲಿ ಇದಕ್ಕೆ ಬೇಕಾದದ್ದು ಬಹುಪಾಲು ಇರುವುದಿಲ್ಲ. ರಿಫ್ಲೆಕ್ಟರ್‌ಗಳು, ಒಂದು ಸಣ್ಣ ಬೆಲ್ ಇದ್ದರೆ ಅದೇ ಹೆಚ್ಚು.

ಈಗ ಹಲವರು ಓಡಿಸುವುದು 35 ಮಿ.ಮೀ. ಅಗಲದ ಟೈರಿನ (700×35) ಹೈಬ್ರಿಡ್ ಸೈಕಲ್, ಹಾಗಾಗಿ ಅಳತೆಗಳನ್ನೆಲ್ಲ ಅದಕ್ಕೇ ಕೊಟ್ಟಿದ್ದೇವೆ. ಹಳೆಯ ಕಪ್ಪು ಸೈಕಲ್‌ನ ಡೈನಮೋ ವಿಚಾರ ನಡುವೆ ಬರುತ್ತದೆ.

ದುಡ್ಡು ಹೊಂದಿಸಿಕೊಂಡು ಒಂದೊಂದಾಗಿ ಕೊಳ್ಳುವವರು ದೀಪವನ್ನು ಮೊದಲು ಕೊಳ್ಳಿ. ಎಲ್ಲವೂ ಒಟ್ಟಿಗೆ ಕೈಗೆ ಬಂದರೆ ದೀಪವನ್ನು ಕೊನೆಗೆ ಕೂರಿಸಿ. ಕ್ಯಾರಿಯರ್ ಬಂದ ಮೇಲೆ ಹಿಂದಿನ ದೀಪದ ಜಾಗ ಬದಲಾಗುತ್ತದೆ, ಮುಂದೆ ಬ್ಯಾಗ್ ಕಟ್ಟಿದರೆ ಮುಂದಿನ ದೀಪದ ಜಾಗವೂ ಬದಲಾಗುತ್ತದೆ. ಅಂದವಾಗಿ ಕೂರಿಸಿದ ದೀಪವನ್ನು ಮಾರನೇ ವಾರ ಬಿಚ್ಚುವ ಪಾಡು ಬೇಡ.

ಹಿಂದಿನ ದೀಪ

ಹಿಂದಿನ ದೀಪದಲ್ಲಿ ಜನ ಲುಮೆನ್ (ಒಟ್ಟು ಬೆಳಕಿನ ಅಳತೆ) ನೋಡಿ ಮೋಸಹೋಗುತ್ತಾರೆ. ರಾತ್ರಿಗೆ 20ರಿಂದ 50 ಲುಮೆನ್ ಸಾಕು. ನೋಡಬೇಕಾದದ್ದು ಆ ಬೆಳಕು ಯಾವ ಕಡೆ ಮುಖ ಮಾಡಿದೆ ಎನ್ನುವುದನ್ನು.

ಸೀಟನ್ನು ಹೊತ್ತ ಕೊಳವೆ, ಅಂದರೆ ಸೀಟ್‌ಪೋಸ್ಟ್, ನೆಟ್ಟಗೆ ನಿಂತಿರುವುದಿಲ್ಲ, ಹಿಂದಕ್ಕೆ ಸುಮಾರು 17 ಡಿಗ್ರಿ ವಾಲಿರುತ್ತದೆ. ಅದಕ್ಕೆ ದೀಪವನ್ನು ಚಪ್ಪಟೆಯಾಗಿ ಒತ್ತಿ ಕಟ್ಟಿದರೆ ದೀಪದ ಮುಖವೂ ಅಷ್ಟೇ ಕೆಳಕ್ಕೆ ಬಾಗುತ್ತದೆ. ನೆಲದಿಂದ 80 ಸೆಂ.ಮೀ. ಎತ್ತರದಲ್ಲಿರುವ ದೀಪ 17 ಡಿಗ್ರಿ ಬಾಗಿದರೆ ಅದರ ಪ್ರಖರ ಬೆಳಕೆಲ್ಲ ಎರಡೂವರೆ ಮೀಟರ್ ಹಿಂದೆಯೇ ಟಾರಿಗೆ ಬಡಿದು ಮುಗಿಯುತ್ತದೆ. ಐವತ್ತು ಮೀಟರ್ ಹಿಂದಿರುವ ಬಸ್ಸಿನ ಡ್ರೈವರ್‌ಗೆ ಕಾಣುವುದು ಅಂಚಿನ ಮಂಕು ಬೆಳಕು ಮಾತ್ರ. ಹಿಂದಿನ ಚಕ್ರಕ್ಕೆ ಇಳಿಯುವ ಓರೆ ಕೊಳವೆಗೆ ಕಟ್ಟಿದರೆ ಇದರ ತದ್ವಿರುದ್ಧ: ಅದು ಮುಂದಕ್ಕೆ ವಾಲಿರುವುದರಿಂದ ದೀಪ ಆಕಾಶ ನೋಡುತ್ತದೆ.

ಒಳ್ಳೆಯ ದೀಪಗಳ ಜೊತೆ ಓರೆಯಾದ ರಬ್ಬರ್ ಬಿಲ್ಲೆಯೊಂದು ಬಂದಿರುತ್ತದೆ. ಪೊಟ್ಟಣ ಎಸೆಯುವ ಮುನ್ನ ಹುಡುಕಿ, ಅದು ಇರುವುದು ಇದಕ್ಕಾಗಿಯೇ. ಬಂದಿಲ್ಲವಾದರೆ ಹಳೆಯ ಟ್ಯೂಬ್ ಕತ್ತರಿಸಿ, ಮಡಚಿ, ಬ್ರಾಕೆಟ್‌ನ ಕೆಳ ಅಂಚಿನ ಹಿಂದೆ ತುರುಕಿ. ಬ್ರಾಕೆಟ್ 25 ಮಿ.ಮೀ. ಉದ್ದವಿದ್ದರೆ ಕೆಳಗಡೆ 7ರಿಂದ 8 ಮಿ.ಮೀ. ದಪ್ಪ ಬೇಕಾಗುತ್ತದೆ. ಸಾಮಾನ್ಯ ಟ್ಯೂಬ್‌ನಲ್ಲಿ ಎಂಟು ಪದರ ಇಟ್ಟರೆ ಸರಿಹೋಗುತ್ತದೆ. ಮೇಲಂಚಿಗೆ ಏನೂ ಬೇಡ.

ಇಪ್ಪತ್ತು ಹೆಜ್ಜೆ ಹಿಂದಕ್ಕೆ ನಡೆದು, ಕಾರಿನ ಡ್ರೈವರ್ ಕಣ್ಣಿನ ಮಟ್ಟಕ್ಕೆ ಬರುವಷ್ಟು ಬಗ್ಗಿ ನೋಡಿ. ಇನ್ನೊಬ್ಬರು ದೀಪವನ್ನು ನಿಧಾನವಾಗಿ ಮೇಲೆ ಕೆಳಗೆ ವಾಲಿಸಲಿ. ಒಂದು ಹಂತದಲ್ಲಿ ಬೆಳಕು ತಟ್ಟನೆ ಚುರುಕಾಗಿ ಕಣ್ಣಿಗೆ ಹೊಡೆಯುತ್ತದೆ, ಅಲ್ಲಿಗೆ ಬಿಗಿ ಮಾಡಿ.

ಆಮೇಲೆ, ಯಾವಾಗಲೂ ಹಾಕುವ ಬಟ್ಟೆಯಲ್ಲೇ ಸೀಟಿನ ಮೇಲೆ ಕೂತು, ಬೆನ್ನಿಗೆ ಬ್ಯಾಗ್ ಹಾಕಿ ಮತ್ತೊಮ್ಮೆ ನೋಡಿಸಿ. ರೇನ್‌ಕೋಟ್‌ನ ಹಿಂದಿನ ತುದಿ, ಜೋಲುವ ಜುಬ್ಬಾ, ಸೀಟಿನ ಕೆಳಗಿನ ಸಣ್ಣ ಚೀಲ, ಯಾವುದು ಬೇಕಾದರೂ ದೀಪವನ್ನು ಮುಚ್ಚಬಹುದು. ಅದೂ ದೀಪ ಹೆಚ್ಚು ಬೇಕಾದ ಮಳೆಯಲ್ಲೇ ರೇನ್‌ಕೋಟ್ ಮುಚ್ಚುತ್ತದೆ. ಕ್ಯಾರಿಯರ್ ಇದ್ದವರಿಗೆ ಈ ತಲೆನೋವಿಲ್ಲ. ಅದರ ಹಿಂಬದಿಯ ತಗಡಿನಲ್ಲಿ 50 ಅಥವಾ 80 ಮಿ.ಮೀ. ಅಂತರದ ಎರಡು ತೂತು ಇರುತ್ತವೆ. ಆ ಅಳತೆಗೆ ಕೂರುವ ದೀಪ ತಂದು ಎರಡು ನಟ್ಟು ಹಾಕಿದರೆ ಅದು ನೆಟ್ಟಗೂ ಇರುತ್ತದೆ, ಬಟ್ಟೆಗೂ ಸಿಗುವುದಿಲ್ಲ, ನಿಲ್ಲಿಸಿದಲ್ಲಿ ಕಳುವಾಗುವುದೂ ಕಡಿಮೆ.

ಮಿಣುಕು ಬೇಕೋ, ಒಂದೇ ಸಮನೆ ಉರಿಯುವುದು ಬೇಕೋ? ಹಗಲಲ್ಲಿ, ಮಬ್ಬಿನಲ್ಲಿ ಮಿಣುಕು ಒಳ್ಳೆಯದು. ಕತ್ತಲಾದ ಮೇಲೆ ಬರೀ ಮಿಣುಕುವ ದೀಪ ಎಷ್ಟು ದೂರದಲ್ಲಿದೆ, ಯಾವ ಕಡೆ ಸರಿಯುತ್ತಿದೆ ಎಂದು ಹಿಂದಿನವರಿಗೆ ಅಂದಾಜು ಸಿಗುವುದಿಲ್ಲ. ಎರಡು ದೀಪ ಇಟ್ಟುಕೊಳ್ಳುವುದೇ ಸರಿ: ಒಂದು ಸಮನೆ ಉರಿಯಲಿ, ಇನ್ನೊಂದು ಮಿಣುಕಲಿ. ಹಿಂದಿನ ದೀಪ ಆರಿಹೋದರೆ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಎರಡನೆಯದು ಇರಬೇಕಾದದ್ದು ಮುಖ್ಯವಾಗಿ ಆ ಕಾರಣಕ್ಕೆ.

ಮುಂದಿನ ದೀಪ

ಗಂಟೆಗೆ 20 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಐದೂವರೆ ಮೀಟರ್. ಗುಂಡಿ ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಹೋಯಿತು, ಒಣ ರಸ್ತೆಯಲ್ಲಿ ನಿಲ್ಲಲು ಇನ್ನು ನಾಲ್ಕು ಮೀಟರ್ ಬೇಕು. ಒಟ್ಟು ಹತ್ತು ಮೀಟರ್ ಹತ್ತಿರ. 25 ಕಿ.ಮೀ.ಗೆ ಇದು ಹದಿಮೂರಾಗುತ್ತದೆ, ಒದ್ದೆ ರಸ್ತೆಯಲ್ಲಿ ಇನ್ನೂ ಹೆಚ್ಚು. ಹಾಗಾಗಿ ಬೆಳಕಿನ ನಡುಭಾಗ 15 ಮೀಟರ್ ಮುಂದೆ ನೆಲಕ್ಕೆ ತಾಗಬೇಕು. ಚಕ್ರದ ಮುಂದೆ ಮೂರು ಮೀಟರ್‌ನಲ್ಲಿ ಹೊಳೆಯುವ ವೃತ್ತ ನೋಡಲು ಧೈರ್ಯ ಕೊಡುತ್ತದೆ, ಕೆಲಸಕ್ಕೆ ಬರುವುದಿಲ್ಲ. ಗುಂಡಿ ಅದರೊಳಗೆ ಕಾಣುವ ಹೊತ್ತಿಗೆ ಚಕ್ರ ಅದರಲ್ಲಿ ಇಳಿದಿರುತ್ತದೆ.

ಗೋಡೆಯ ಮುಂದೆ ಇದನ್ನು ಸರಿಮಾಡಬಹುದು. ಸಮತಟ್ಟಾದ ನೆಲದಲ್ಲಿ ದೀಪ ಗೋಡೆಯಿಂದ ಸರಿಯಾಗಿ 5 ಮೀಟರ್ ಇರುವಂತೆ ಸೈಕಲ್ ನಿಲ್ಲಿಸಿ. ನೆಲದಿಂದ ದೀಪದ ಎತ್ತರ ಅಳೆಯಿರಿ. ಹ್ಯಾಂಡಲ್ ಮೇಲಿನ ದೀಪ ಸುಮಾರು 100 ಸೆಂ.ಮೀ. ಇರುತ್ತದೆ. ಗೋಡೆಯ ಮೇಲೆ ಅದೇ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಅದರ ಮೂರನೇ ಎರಡು ಭಾಗಕ್ಕೆ, ಅಂದರೆ 67 ಸೆಂ.ಮೀ.ಗೆ ಇನ್ನೊಂದು ಗೆರೆ ಎಳೆಯಿರಿ. ಬೆಳಕಿನ ಅತಿ ಪ್ರಖರ ಭಾಗ ಕೆಳಗಿನ ಗೆರೆಯ ಮೇಲೆ ಕೂರಲಿ, ಮೇಲಿನ ಗೆರೆಯಿಂದಾಚೆ ಕಣ್ಣು ಕುಕ್ಕುವ ಬೆಳಕು ಹೋಗದಿರಲಿ. ಮುಂದೆ ಸಸ್ಪೆನ್ಷನ್ ಇರುವ ಸೈಕಲ್ ಆದರೆ ಮೇಲೆ ಕೂತೇ ನೋಡಬೇಕು.

ಮೇಲಿನ ಗೆರೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಟಾರ್ಚ್‌ನಂತೆ ದುಂಡಗೆ ಬೆಳಕು ಚೆಲ್ಲುವ ಸಾವಿರ ಲುಮೆನ್ ದೀಪವನ್ನು ಎದುರಿನವರ ಮುಖಕ್ಕೆ ಹಿಡಿದರೆ, ಎದುರಿಂದ ನಡೆದು ಬರುವ ಅಜ್ಜನಿಗೆ ಎರಡು ಮೂರು ಸೆಕೆಂಡ್ ಏನೂ ಕಾಣುವುದಿಲ್ಲ. ಪಾದಚಾರಿಗೂ ಇನ್ನೊಬ್ಬ ಸೈಕಲ್ ಸವಾರನಿಗೂ ಅದು ಅಪಾಯವೇ. ಜರ್ಮನಿಯಲ್ಲಿ ಸೈಕಲ್ ದೀಪದ ಬೆಳಕಿನ ಮೇಲ್ಭಾಗವನ್ನು ಕತ್ತರಿಸಿದಂತೆ ಅಡ್ಡಗೆರೆ ಇರಬೇಕೆಂಬ ನಿಯಮವಿದೆ. ಆ ಬಗೆಯ ಲೆನ್ಸ್ ಈಗ ಇಲ್ಲೂ ಸಿಗುತ್ತದೆ, ಸಿಕ್ಕರೆ ಅದನ್ನೇ ಕೊಳ್ಳಿ. ಬೆಳಕೆಲ್ಲ ರಸ್ತೆಗೇ ಬೀಳುವುದರಿಂದ ಇಂಥ ಲೆನ್ಸಿನ 200 ಲುಮೆನ್, ದುಂಡು ಲೆನ್ಸಿನ 400ಕ್ಕೆ ಸಮನಾಗಿ ಕೆಲಸ ಮಾಡುತ್ತದೆ. ಇದನ್ನು ಗೋಡೆಗೆ ಹೊಂದಿಸುವಾಗ ಬೆಳಕಿನ ಮೇಲಂಚು ಮೇಲಿನ ಗೆರೆಗಿಂತ ಒಂದು ಗೇಣು ಕೆಳಗಿದ್ದರೆ ಸಾಕು.

ಬೀದಿದೀಪ ಇರುವ ರಸ್ತೆಗೆ 150ರಿಂದ 200 ಲುಮೆನ್ ಧಾರಾಳ. ಕೆರೆ ಏರಿ, ಲೇಔಟ್ ಅಂಚಿನ ಕಚ್ಚಾ ರಸ್ತೆ, ದೀಪ ಕೆಟ್ಟ ಅಂಡರ್‌ಪಾಸ್ ಇವುಗಳಿಗೆ 400. ಬಣ್ಣ ಬಳಿಯದ ಹಂಪ್ ಇರುವ ರಸ್ತೆ ಆದರೆ ದೀಪವನ್ನು ಹ್ಯಾಂಡಲ್‌ಗಿಂತ ಕೆಳಗೆ, ಮುಂದಿನ ಚಕ್ರ ಹಿಡಿದ ಫೋರ್ಕಿನ ತಲೆಯ ಹತ್ತಿರ ಕೂರಿಸುವುದು ಮೇಲು. ದೀಪ ತಗ್ಗಿದಷ್ಟೂ ಉಬ್ಬು ತಗ್ಗುಗಳ ನೆರಳು ಉದ್ದವಾಗಿ ಬಿದ್ದು ದೂರದಿಂದಲೇ ಕಾಣುತ್ತವೆ. ಹೆಲ್ಮೆಟ್ ಮೇಲಿನ ದೀಪ ಇದಕ್ಕೆ ಉಲ್ಟಾ: ಬೆಳಕು ಕಣ್ಣಿನ ಮಟ್ಟದಿಂದಲೇ ಹೊರಡುವುದರಿಂದ ನೆರಳು ಗುಂಡಿಯ ಹಿಂದೆ ಅಡಗಿ, ರಸ್ತೆ ಚಪ್ಪಟೆಯಾಗಿ ಕಾಣುತ್ತದೆ. ಫೋರ್ಕಿಗೆ ಇಳಿಸಿದರೆ ಎತ್ತರ ಬದಲಾಯಿತು, ಗೋಡೆಯ ಗೆರೆಗಳನ್ನು ಹೊಸದಾಗಿ ಎಳೆಯಿರಿ.

ಹಂಪ್ ಹಾರಿದಾಗ ದೀಪ ತಲೆ ಬಗ್ಗಿಸುವುದು ಎಲ್ಲೆಲ್ಲೂ ಕೇಳಿಬರುವ ದೂರು. ಹ್ಯಾಂಡಲ್ ದಪ್ಪ ಎಲ್ಲ ಕಡೆ ಒಂದೇ ಅಲ್ಲ: ನಡುವಿನಲ್ಲಿ 31.8 ಅಥವಾ 25.4 ಮಿ.ಮೀ., ಹಿಡಿಯ ಹತ್ತಿರ 22.2 ಮಿ.ಮೀ. ನಡುಭಾಗ ಸಣ್ಣಗಾಗುತ್ತಾ ಹೋಗುವ ಇಳಿಜಾರಿನಲ್ಲಿ ಬ್ರಾಕೆಟ್ ಎಷ್ಟು ಬಿಗಿದರೂ ನಿಲ್ಲುವುದಿಲ್ಲ. ಸಮದಪ್ಪ ಇರುವ ಕಡೆ ಕೂರಿಸಿ, ಕೆಳಗೆ ಟ್ಯೂಬಿನ ತುಂಡು ಒಂದು ಸುತ್ತು ಸುತ್ತಿ. ಪ್ಲಾಸ್ಟಿಕ್ ಬ್ರಾಕೆಟ್‌ನ ತಿರುಪನ್ನು ಇನ್ನೊಂದು ಸುತ್ತು ಜಾಸ್ತಿ ತಿರುಗಿಸಿದರೆ ಬಿಗಿಯಾಗುವುದಿಲ್ಲ, ಬಿರುಕು ಬಿಡುತ್ತದೆ. ಬ್ರೇಕ್ ವೈರು ಲೆನ್ಸಿನ ಎದುರು ಹಾದುಹೋಗುತ್ತಿದ್ದರೆ ರಸ್ತೆಯ ನಡುವೆ ಕಪ್ಪು ಪಟ್ಟೆ ಬೀಳುತ್ತದೆ. ದೀಪವನ್ನು ಎರಡು ಬೆರಳು ಪಕ್ಕಕ್ಕೆ ಸರಿಸಿ.

ಬ್ಯಾಟರಿಯ ಲೆಕ್ಕ ಸುಲಭ. 18650 ಎನ್ನುವ ಸೆಲ್ 2600 ಎಂಎಎಚ್ ಇದ್ದರೆ 3.7 ವೋಲ್ಟ್‌ನಲ್ಲಿ ಸುಮಾರು 9.6 ವ್ಯಾಟ್-ಗಂಟೆ. 400 ಲುಮೆನ್‌ಗೆ ನಾಲ್ಕು ವ್ಯಾಟ್ ಅಂದುಕೊಂಡರೂ ಎರಡು ಗಂಟೆ ಚಿಲ್ಲರೆ. ಒಂದೇ ಸೆಲ್‌ನ ದೀಪದ ಮೇಲೆ ಸಾವಿರ ಲುಮೆನ್, ಹತ್ತು ಗಂಟೆ ಎಂದು ಒಟ್ಟಿಗೇ ಬರೆದಿದ್ದರೆ ಆ ಎರಡೂ ಒಂದೇ ಸಲ ಸಿಗುವುದಿಲ್ಲ ಎಂದು ತಿಳಿಯಿರಿ. ನೀರಿನ ವಿಚಾರಕ್ಕೆ ಐಪಿಎಕ್ಸ್4 ಎಂದರೆ ಸಿಡಿಯುವ ನೀರು ತಡೆಯುತ್ತದೆ, ಐಪಿಎಕ್ಸ್6 ಎಂದರೆ ಜೋರಾಗಿ ಹೊಡೆಯುವ ನೀರನ್ನೂ ತಡೆಯುತ್ತದೆ. ಬಯಲುಸೀಮೆಗೆ ಮೊದಲನೆಯದು ಸಾಕು. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲಕ್ಕೆ ಎರಡನೆಯದೇ ಬೇಕು.

ಡೈನಮೋ ಇರುವವರಿಗೆ

ದೀಪವಿಲ್ಲದೆ ಸಿಕ್ಕಿಬಿದ್ದ ಸೈಕಲ್ ಸವಾರ ಪೊಲೀಸರಿಗೆ ದಂಡ ಕಟ್ಟುತ್ತಿದ್ದ ಕಾಲದಿಂದ ಬಂದ ಬಾಟಲಿ ಡೈನಮೋ ಇನ್ನೂ ಕೆಲವು ಮನೆಗಳಲ್ಲಿದೆ, ಒಳ್ಳೆಯ ಸ್ಥಿತಿಯಲ್ಲೂ ಇದೆ. ಅದು 6 ವೋಲ್ಟ್, 3 ವ್ಯಾಟ್ ಕೊಡುತ್ತದೆ: ಮುಂದಿನ ಬಲ್ಬಿಗೆ 2.4, ಹಿಂದಿನದಕ್ಕೆ 0.6. ಒಂದು ಬಲ್ಬು ಹೋದರೆ ಅದರ ಪಾಲಿನ ಕರೆಂಟೂ ಇನ್ನೊಂದಕ್ಕೆ ನುಗ್ಗಿ ಅದೂ ಸುಡುತ್ತದೆ. ಅದಕ್ಕೇ ಜೋಡಿಯಾಗಿ ಹೋಗುವುದು, ಬಲ್ಬಿನ ದೋಷವಲ್ಲ. ಎಲ್‌ಇಡಿ ಬಲ್ಬು ಹಾಕುವವರು ಡೈನಮೋ ಕೊಡುವುದು ಎಸಿ ಕರೆಂಟ್ ಎಂದು ನೆನಪಿಟ್ಟು ಅದಕ್ಕೆ ಹೊಂದುವುದನ್ನೇ ಕೇಳಿ ಕೊಳ್ಳಬೇಕು.

ಬೆಳಕು ಮಿನುಗಿ ಮಿನುಗಿ ಆರುತ್ತಿದ್ದರೆ ತೊಂದರೆ ಹೆಚ್ಚಾಗಿ ವೈರಿನದು. ಹಳೆಯ ಜೋಡಣೆಯಲ್ಲಿ ಒಂದೇ ವೈರು ಇರುತ್ತದೆ, ಮರಳುವ ಕರೆಂಟ್ ಫ್ರೇಮಿನ ಕಬ್ಬಿಣದ ಮೂಲಕ ಹೋಗುತ್ತದೆ. ಬಣ್ಣ, ತುಕ್ಕು ಅಡ್ಡ ಬಂದರೆ ಅಲ್ಲೇ ನಿಂತಿತು. ಎರಡನೇ ವೈರು ಎಳೆದುಬಿಡಿ, ಆ ಗೋಳು ಮುಗಿಯುತ್ತದೆ. ಡೈನಮೋದ ನಡುಗೆರೆಯನ್ನು ಮುಂದುವರಿಸಿದರೆ ಅದು ಚಕ್ರದ ಅಚ್ಚಿಗೆ ನೇರ ಹೋಗಬೇಕು. ಓರೆಯಾದರೆ ಟೈರಿನ ಕೆನ್ನೆ ಸವೆಯುತ್ತದೆ, ತುಳಿಯುವುದೂ ಭಾರ. ಹಿಡಿಕೆಯ ಬೋಲ್ಟ್ ತಿಂಗಳಿಗೊಮ್ಮೆ ನೋಡಿ: ಸಡಿಲಾಗಿ ಡೈನಮೋ ಕಡ್ಡಿಗಳೊಳಗೆ ಬಿದ್ದರೆ ಚಕ್ರ ಇದ್ದಲ್ಲೇ ನಿಲ್ಲುತ್ತದೆ.

ರಿಫ್ಲೆಕ್ಟರ್

ಅಂದವಾಗಿ ಕಾಣುವುದಿಲ್ಲ ಎಂದು ರಿಫ್ಲೆಕ್ಟರ್‌ಗಳನ್ನು ಕಿತ್ತುಹಾಕಬೇಡಿ. ಅದರಲ್ಲೂ ಪೆಡಲ್‌ನ ಹಳದಿ ರಿಫ್ಲೆಕ್ಟರ್. ಮೇಲೆ ಕೆಳಗೆ ಕುಣಿಯುವ ಎರಡು ಚುಕ್ಕಿ ಕಂಡ ತಕ್ಷಣ ಹಿಂದಿನವರಿಗೆ ಅದು ಸೈಕಲ್ ಎಂದು ಹೊಳೆಯುತ್ತದೆ. ಕಡ್ಡಿಗಳ ನಡುವಿನದು ಅಡ್ಡರಸ್ತೆಯಿಂದ ಬರುವವರಿಗೆ. ಜೊತೆಗೆ ಪ್ರತಿಫಲಿಸುವ ಸ್ಟಿಕರ್ ಪಟ್ಟಿ ತಂದು ಹಿಂದಿನ ಮಡ್‌ಗಾರ್ಡಿಗೆ ಕೆಂಪು, ಫೋರ್ಕಿನ ಎರಡೂ ಕಾಲಿಗೆ ಬಿಳಿ ಅಂಟಿಸಿ. ಅಂಟಿಸುವ ಮೊದಲು ಸ್ಪಿರಿಟ್‌ನಲ್ಲಿ ಒರೆಸಿ. ಕೆಸರು ಮೆತ್ತಿದ ರಿಫ್ಲೆಕ್ಟರ್ ಇಲ್ಲದಂತೆಯೇ ಲೆಕ್ಕ, ವಾರಕ್ಕೊಮ್ಮೆ ಒದ್ದೆ ಬಟ್ಟೆ ಆಡಿಸಿ.

ಮಡ್‌ಗಾರ್ಡ್ ಮತ್ತು ಕ್ಯಾರಿಯರ್

ಟೈರಿಗಿಂತ ಮಡ್‌ಗಾರ್ಡ್ ಸುಮಾರು 10 ಮಿ.ಮೀ. ಅಗಲವಿರಬೇಕು. 35ರ ಟೈರಿಗೆ 45. ಸೀಟ್‌ಪೋಸ್ಟ್‌ಗೆ ಸಿಕ್ಕಿಸುವ ಮೋಟು ಮಡ್‌ಗಾರ್ಡ್ ಬೆನ್ನಿಗೆ ಕೆಸರು ಹಾರುವುದನ್ನು ತಡೆಯುತ್ತದೆ ಅಷ್ಟೇ. ಪಾದ, ಚೈನು, ಹಿಂದೆ ಬರುವವರ ಮುಖ ಎಲ್ಲಕ್ಕೂ ರಾಚುತ್ತದೆ. ಉದ್ದದ್ದೇ ಹಾಕಿ.

ಚಕ್ರ ಬಿಚ್ಚಿ, ಮಡ್‌ಗಾರ್ಡನ್ನು ಮೇಲಿನ ಬೋಲ್ಟ್‌ನಲ್ಲಿ ಸಡಿಲವಾಗಿ ತೂಗುಬಿಡಿ. ಚಕ್ರ ಹಾಕಿ, ಮಡ್‌ಗಾರ್ಡಿನ ಕಂಬಿಗಳನ್ನು ಅಚ್ಚಿನ ಪಕ್ಕದ ತೂತಿಗೆ ಸೇರಿಸಿ. ಟೈರಿಗೂ ಮಡ್‌ಗಾರ್ಡಿಗೂ ಸುತ್ತ 10ರಿಂದ 12 ಮಿ.ಮೀ. ಸಮ ಅಂತರ ಬರುವಂತೆ ಕಂಬಿ ಹೊಂದಿಸಿ, ಕೊನೆಗೆ ಬಿಗಿ ಮಾಡಿ. ಅಂತರ ಕಡಿಮೆಯಾದರೆ ಸಣ್ಣ ಜಲ್ಲಿಕಲ್ಲು ಸಿಕ್ಕಿ ಕರಕರ ಎನ್ನುತ್ತದೆ. ಮುಂದಿನ ಚಕ್ರದಲ್ಲಿ ರಸ್ತೆಯ ಕಸಕಡ್ಡಿ ಸಿಕ್ಕಿ ಮಡ್‌ಗಾರ್ಡ್ ಸುರುಳಿಯಾದರೆ ಸವಾರ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತಾನೆ. ಒತ್ತಡ ಬಿದ್ದಾಗ ತಾನೇ ಕಳಚಿಕೊಳ್ಳುವ ಪ್ಲಾಸ್ಟಿಕ್ ಕ್ಲಿಪ್ಪಿನ ಕಂಬಿ ಮುಂದಿನ ಚಕ್ರಕ್ಕೆ ಬರುತ್ತದೆ, ಅದನ್ನೇ ಆರಿಸಿ. ಹೆಚ್ಚಿ ಉಳಿದ ಕಂಬಿಯ ತುದಿ ಕತ್ತರಿಸಿ ಟೋಪಿ ಹಾಕಿ. ಮುಂದಿನ ಮಡ್‌ಗಾರ್ಡಿನ ಬಾಲಕ್ಕೆ ದಪ್ಪ ರೆಕ್ಸಿನ್ ತುಂಡನ್ನು ನೆಲಕ್ಕೆ ನಾಲ್ಕು ಬೆರಳು ಬಿಟ್ಟು ಜೋತುಹಾಕಿದರೆ ಪಾದ ಒಣಗಿರುತ್ತದೆ. ಎರಡೂ ಪೆಡಲ್ ಸುತ್ತಿಸಿ, ಹ್ಯಾಂಡಲ್ ತಿರುಗಿಸಿ, ಶೂ ತುದಿ ಮಡ್‌ಗಾರ್ಡಿಗೆ ತಾಗುವುದೇ ನೋಡಿ. ಸಣ್ಣ ಫ್ರೇಮಿನಲ್ಲಿ ತಾಗುತ್ತದೆ.

ಫ್ರೇಮಿನಲ್ಲಿ ತೂತಿಲ್ಲದಿದ್ದರೆ ರಬ್ಬರ್ ಒಳಪದರ ಇರುವ ಪಿ ಆಕಾರದ ಕ್ಲಿಪ್ ಸಿಗುತ್ತದೆ. ಮಡ್‌ಗಾರ್ಡಿಗೆ ಅದು ಸಾಕು. ಭಾರ ಹೊರುವ ಕ್ಯಾರಿಯರ್‌ಗೆ ನೆಚ್ಚಬೇಡಿ.

ಕ್ಯಾರಿಯರ್ ಹೆಚ್ಚಾಗಿ ಎಂ5 (5 ಮಿ.ಮೀ. ದಪ್ಪದ) ಬೋಲ್ಟಿಗೆ ಕೂರುತ್ತದೆ, 4 ಮಿ.ಮೀ. ಅಲನ್ ಕೀ ಬೇಕು. ಒಂದೇ ತೂತಿಗೆ ಮಡ್‌ಗಾರ್ಡ್ ಕಂಬಿಯೂ ಕ್ಯಾರಿಯರ್ ಕಾಲೂ ಬರುವುದಾದರೆ ಫ್ರೇಮಿಗೆ ಅಂಟಿದಂತೆ ಕ್ಯಾರಿಯರ್, ಅದರ ಹೊರಗೆ ಕಂಬಿ. ತಿರುಗಿ ಹಾಕಿದರೆ ಭಾರವೆಲ್ಲ ಬೋಲ್ಟಿನ ತುದಿಗೆ ಬಿದ್ದು ಅದು ಬಾಗಿ ಮುರಿಯುತ್ತದೆ. ಎರಡನ್ನೂ ಹಿಡಿಯಲು ಉದ್ದದ ಬೋಲ್ಟ್ ಬೇಕು, 16 ಅಥವಾ 20 ಮಿ.ಮೀ. ತಪ್ಪು ನಡೆಯುವುದು ಇಲ್ಲೇ. ಬಲಗಡೆ, ಅಂದರೆ ಚೈನಿನ ಕಡೆ, ಬೋಲ್ಟಿನ ತುದಿ ಒಳಗೆ ಎರಡು ಮಿ.ಮೀ. ಚಾಚಿದರೂ ಸಾಕು, ಹಿಂದಿನ ಅತಿ ಸಣ್ಣ ಹಲ್ಲುಚಕ್ರಕ್ಕೆ ಹಾಕಿದಾಗ ಚೈನು ಅದಕ್ಕೆ ಉಜ್ಜುತ್ತದೆ. ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚೈನನ್ನು ಆ ಸಣ್ಣ ಹಲ್ಲುಚಕ್ರಕ್ಕೆ ಹಾಕಿ, ಪೆಡಲ್ ಸುತ್ತಿಸಿ ಕಿವಿಗೊಡಿ. ಟಿಕ್ ಟಿಕ್ ಸದ್ದು ಬಂದರೆ ಒಂದು ವಾಷರ್ ಹೆಚ್ಚಿಸಿ ಅಥವಾ ಬೋಲ್ಟಿನ ತುದಿಯನ್ನು ಅರದಿಂದ ತೇಯಿಸಿ.

ಡಿಸ್ಕ್ ಬ್ರೇಕ್ ಇರುವವರು ಕ್ಯಾರಿಯರ್ ಕೊಳ್ಳುವ ಮುನ್ನ ಅದು ಡಿಸ್ಕಿಗೆ ಹೊಂದುತ್ತದೆಯೇ ಎಂದು ಕೇಳಿ, ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಕ್ಯಾರಿಯರ್‌ನ ಕಾಲಿಗೆ ಅಡ್ಡ ಬರುತ್ತದೆ. ಸಾಮಾನ್ಯ ಕ್ಯಾರಿಯರ್ ಮೇಲೆ ಬರೆದಿರುವ ಮಿತಿ 25 ಕಿಲೋ. ಅದು ಚೀಲಕ್ಕೆ, ಮನುಷ್ಯರಿಗಲ್ಲ. ಪಕ್ಕದ ಚೀಲ ಕಟ್ಟಿದ ಮೇಲೆ ಹಿಮ್ಮಡಿ ತಾಗದಷ್ಟು ಹಿಂದಕ್ಕೆ ಸರಿಸಿ. ಎಳೆಯುವ ರಬ್ಬರ್ ಹಗ್ಗ ಬಳಸುವವರು ಕೊಕ್ಕೆಯ ತುದಿ ಸಡಿಲಾಗಿ ಜೋಲದಂತೆ ನೋಡಿಕೊಳ್ಳಿ, ಹಿಂದಿನ ಚಕ್ರಕ್ಕೆ ಸುತ್ತಿಕೊಂಡರೆ ಗೇರಿನ ತೋಳೇ ಕಿತ್ತುಬರುತ್ತದೆ.

ಉಳಿದವು

ಬೆಲ್ ಹಿತ್ತಾಳೆಯದು ಒಳ್ಳೆಯದು, ಸದ್ದು ಉದ್ದಕ್ಕೆ ಹೋಗುತ್ತದೆ. ಬ್ರೇಕ್ ಮೇಲಿನ ಬೆರಳು ತೆಗೆಯದೆ ಹೆಬ್ಬೆರಳಿಗೆ ಎಟುಕುವಲ್ಲಿ ಕೂರಿಸಿ. ಕನ್ನಡಿ ಬಲಗಡೆ: ನಮ್ಮಲ್ಲಿ ವಾಹನ ಹಿಂದಿಕ್ಕುವುದು ಬಲದಿಂದಲೇ.

ಬೀಗಕ್ಕೆ ಯು ಆಕಾರದ ಗಟ್ಟಿ ಕಬ್ಬಿಣವೇ ಬೇಕು. ತೆಳು ವೈರಿನ ಬೀಗವನ್ನು ಕೈಯಲ್ಲಿ ಹಿಡಿಯುವ ಕಟರ್ ಕತ್ತರಿಸುತ್ತದೆ. ಹಿಂದಿನ ಚಕ್ರ, ಫ್ರೇಮ್, ಅಲುಗದ ಕಂಬಿ, ಮೂರೂ ಒಂದೇ ಬೀಗದೊಳಗೆ ಬರಲಿ. ಮುಂದಿನ ಚಕ್ರ ಕೈಯಲ್ಲೇ ಬಿಚ್ಚುವಂಥದ್ದಾದರೆ ಅದಕ್ಕೆ ವೈರು.

ಚೀಲದಲ್ಲಿ ಒಂದು ಹೊಸ ಟ್ಯೂಬ್, ಎರಡು ಟೈರ್ ಲಿವರ್, ಸಣ್ಣ ಪಂಪ್, 4 ಮತ್ತು 5 ಮಿ.ಮೀ. ಅಲನ್ ಕೀ. ಟ್ಯೂಬಿನ ವಾಲ್ವ್ ಯಾವುದೆಂದು ಇವತ್ತೇ ನೋಡಿಟ್ಟುಕೊಳ್ಳಿ. ಸ್ಕೂಟರಿನಂಥ ದಪ್ಪ ಶ್ರೇಡರ್ ವಾಲ್ವಿಗೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಸಿಗುತ್ತದೆ. ಸಪೂರ ಪ್ರೆಸ್ಟಾ ವಾಲ್ವಿಗೆ ಬೆರಳ ತುದಿಯಷ್ಟು ಹಿತ್ತಾಳೆ ಅಡಾಪ್ಟರ್ ಇಲ್ಲದೆ ಸಿಗುವುದಿಲ್ಲ. ಒಂದು ಕೊಂಡು ವಾಲ್ವಿಗೇ ತಿರುಗಿಸಿಟ್ಟರೆ ಕಳೆಯುವುದಿಲ್ಲ.

ಮೊದಲ ವಾರ ಕಳೆದ ಮೇಲೆ ಎಲ್ಲ ಬೋಲ್ಟನ್ನೂ ಒಂದು ಸಲ ಬಿಗಿ ಮಾಡಿ, ಹೊಸ ಜೋಡಣೆ ಕೂತ ಮೇಲೆ ಸಡಿಲಾಗುವುದು ಸಹಜ. ಆಮೇಲೆ ತಿಂಗಳಿಗೊಮ್ಮೆ ಸಾಕು. ಕರಾವಳಿಯವರು ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಿ, ತಿರುಪಿನ ಎಳೆಗೆ ಗ್ರೀಸ್ ಸವರಿ. ಇಲ್ಲವಾದರೆ ಮಳೆಗಾಲ ಮುಗಿಯುವಷ್ಟರಲ್ಲಿ ತುಕ್ಕು ಹಿಡಿದು ಬಿಚ್ಚಲು ಬರುವುದಿಲ್ಲ. ಮಳೆಯಲ್ಲಿ ನೆನೆದು ಮನೆಗೆ ಬಂದ ದೀಪವನ್ನು ಹಾಗೇ ಚಾರ್ಜಿಗೆ ಹಾಕಬೇಡಿ. ರಬ್ಬರ್ ಮುಚ್ಚಳ ತೆಗೆದು, ತೂತು ಕೆಳಮುಖವಾಗಿ ಬರುವಂತೆ ಬಟ್ಟೆಯ ಮೇಲೆ ಇಟ್ಟು, ಊಟ ಮುಗಿಸಿ ಬಂದು ಹಾಕಿ. ಚಾರ್ಜ್ ತೂತಿನ ಪಿನ್ನು ಹಸಿರುಗಟ್ಟಿ ದೀಪ ಸಾಯುವುದು ಹೆಚ್ಚಾಗಿ ಈ ಒಂದು ಗಂಟೆಯ ಅವಸರದಿಂದ.